ಎನ್‌ರೋಲ್‌ಮೆಂಟ್ ಫೀ ಎಷ್ಟೆಂದು ಗೋಡೆಗೆ ಅಂಟಿಸಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ 26 ವರ್ಷದಿಂದ ವಕೀಲರ ಕರಿ ಕೋಟು ಹೊಲಿಯುತ್ತಿದ್ದೇನೆ. ನನ್ನ ಅಂಗಡಿಯಲ್ಲಿ ಒಂದು ಕೋಟು ಏಳು ತಿಂಗಳಿಂದ ಹ್ಯಾಂಗರ್‌ನಲ್ಲೇ ಇದೆ. ಜಗಳೂರು ಕಡೆಯ ಹುಡುಗನದು. ಲಾ ಮುಗಿದ ಖುಷಿಯಲ್ಲಿ ಬಂದು ಅಳತೆ ಕೊಟ್ಟ, 500 ರೂಪಾಯಿ ಅಡ್ವಾನ್ಸ್ ಇಟ್ಟು ಹೋದ. ಮತ್ತೆ ಬರಲಿಲ್ಲ. ಫೋನ್ ಮಾಡಿದರೆ, 'ಎನ್‌ರೋಲ್ ಆಗೋಕೆ ಇಪ್ಪತ್ತು ಸಾವಿರ ಬೇಕಂತೆ ಅಣ್ಣಾ, ಹೊಂದಿಸ್ತಾ ಇದೀನಿ' ಅಂದ. ಎನ್‌ರೋಲ್ ಅಂದರೆ ವಕೀಲರ ಪಟ್ಟಿಗೆ ಹೆಸರು ಬರೆಸುವುದು.

ನನಗೆ ಸಂಕಟವಾಯಿತು. ನನ್ನ ಮನೆಯಲ್ಲೂ ಇದೇ ಆಗಿತ್ತು. 2025ರ ಶುರುವಿನಲ್ಲಿ ಮಗಳ ಎನ್‌ರೋಲ್‌ಮೆಂಟ್‌ಗೆ ಒಬ್ಬ ಮಧ್ಯವರ್ತಿ, 'ಫೀ, ಫಾರಂ, ಓಡಾಟ ಎಲ್ಲಾ ಸೇರಿ 22 ಸಾವಿರ' ಎಂದ. ನಂಬಿದೆವು. ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿ ಕೊಟ್ಟೆ. ಆಮೇಲೆ ಮಗಳು ಸುಪ್ರೀಂ ಕೋರ್ಟ್ ತೀರ್ಪು ಓದಿ ಅತ್ತಳು.

ಆ ತೀರ್ಪು ಬಂದಿದ್ದು 2024ರ ಜುಲೈ 30ಕ್ಕೆ. 1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿರುವ ಫೀಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಎಂದು ಅದರಲ್ಲಿದೆ. ರಾಜ್ಯದ ವಕೀಲರ ಪರಿಷತ್ತಿಗೆ 600, ಭಾರತೀಯ ವಕೀಲರ ಪರಿಷತ್ತಿಗೆ 150. ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125 ಮಾತ್ರ. ಸ್ಟಾಂಪ್ ಡ್ಯೂಟಿ ಇದ್ದರೆ ಅದು ಬೇರೆ. 'ಇಷ್ಟವಿದ್ದರೆ ಕಟ್ಟಿ' ಎಂಬ ಹೆಸರಿನಲ್ಲೂ ಬೇರೆ ಹಣ ಕೇಳಬಾರದು ಎಂದು 2025ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ವಿಷಯದಲ್ಲೇ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಇಷ್ಟು ಸ್ಪಷ್ಟವಾಗಿರುವ ಮಾತು ಜಗಳೂರಿನ ಹುಡುಗನಿಗೆ ಯಾಕೆ ತಲುಪಿಲ್ಲ?

ತಡವಾದರೆ ಆಗುವ ನಷ್ಟ ಬರೀ ದುಡ್ಡಿನದಲ್ಲ. ಆ ಹುಡುಗನಿಗೆ ಸಿವಿಲ್ ಜಡ್ಜ್ ಆಗುವ ಆಸೆ. ಅದಕ್ಕೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು 2025ರ ಮೇ 20ರಂದು ತೀರ್ಪಾಗಿದೆ. ಆ ತೀರ್ಪಿನ ಪ್ರಕಾರ ಮೂರು ವರ್ಷದ ಲೆಕ್ಕ ಮೊದಲು ಸಿಗುವ ತಾತ್ಕಾಲಿಕ ಎನ್‌ರೋಲ್‌ಮೆಂಟ್ ಆದ ದಿನದಿಂದ ಶುರು. ಏಳು ತಿಂಗಳು ಸುಮ್ನೆ ಹೋಯಿತು ಅಲ್ವಾ?

ವಕೀಲಿ ಮಾಡಲು ಎಐಬಿಇ ಎಂಬ ಅಖಿಲ ಭಾರತ ವಕೀಲರ ಪರೀಕ್ಷೆಯೂ ಇದೆ. ನೂರು ಪ್ರಶ್ನೆ. ಪಾಸಾಗಲು 45 ಅಂಕ, ಪರಿಶಿಷ್ಟರಿಗೆ 40. ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಮಗಳ ಪರೀಕ್ಷೆಗೆ ಕಟ್ಟಿದ್ದು 3,500 ರೂಪಾಯಿ! ವಕೀಲಳಾಗಿ ಹೆಸರು ಬರೆಸಲು 750 ಸಾಕು, ಪರೀಕ್ಷೆಗೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು. ಫೇಲಾದರೆ ಮತ್ತೆ ಕಟ್ಟಬೇಕು. ಕೂಲಿ ಮಾಡುವವರ ಮಕ್ಕಳಿಗೆ ಇದು ದೊಡ್ಡ ಮೊತ್ತ. ಇದನ್ನೂ ಇಳಿಸಬೇಕು.

ನನ್ನ ಕಸುಬಿನಿಂದ ಒಂದು ಮಾತು. ಗೌನು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಲ್ಲಿ ಮಾತ್ರ ಕಡ್ಡಾಯ. ಹೊಸದಾಗಿ ಬರುವ ಮಕ್ಕಳಿಗೆ 'ಈಗಲೇ ಗೌನು ಹೊಲಿಸಬೇಡಿ, ಕೋಟು, ಕೊರಳಿನ ಬಿಳಿ ಬ್ಯಾಂಡು ಸಾಕು' ಎನ್ನುತ್ತೇನೆ. ನನಗೆ ಒಂದು ಗಿರಾಕಿ ಕಡಿಮೆ, ಪರವಾಗಿಲ್ಲ. ನಾನು ಇಷ್ಟು ಹೇಳಬಹುದಾದರೆ ಮೂರು ವರ್ಷ, ಐದು ವರ್ಷ ಪಾಠ ಮಾಡಿದವರು ಫೀ ಎಷ್ಟೆಂದು ಹೇಳಬಾರದೇ?

ದಾವಣಗೆರೆ, ಚಿತ್ರದುರ್ಗದ ಲಾ ಕಾಲೇಜುಗಳು ಕೊನೆ ಸೆಮಿಸ್ಟರ್ ಕ್ಲಾಸಿನ ಬಾಗಿಲಿಗೇ ಒಂದು ಹಾಳೆ ಅಂಟಿಸಲಿ. ಎನ್‌ರೋಲ್‌ಮೆಂಟ್ ಫೀ ಎಷ್ಟು, ಯಾವ ದಾಖಲೆ ಬೇಕು, ಪರೀಕ್ಷೆ ಯಾವಾಗ, ಎಲ್ಲವೂ ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ವಕೀಲರ ಸಂಘಗಳು ಕೋರ್ಟ್ ಆವರಣದಲ್ಲೂ ಹಾಕಲಿ. ಹಿರಿಯ ವಕೀಲರು ವರ್ಷಕ್ಕೊಂದು ಭಾನುವಾರ ಕೂತು ಮಕ್ಕಳ ಫಾರಂ ತುಂಬಿಸಿಕೊಟ್ಟರೆ ಇನ್ನೂ ಒಳ್ಳೆಯದು. ನಿಜಲಿಂಗಪ್ಪನವರು ವಕೀಲಿ ಮಾಡಿದ ಸೀಮೆ ಇದು. ಇಲ್ಲಿ ಹಳ್ಳಿಯ ಮಗು ವಕೀಲಿ ಸನ್ನದಿಗಾಗಿ ಸಾಲ ಮಾಡಬಾರದು.

ಆ ಹುಡುಗನಿಗೆ ನಿನ್ನೆ ಮತ್ತೆ ಫೋನ್ ಮಾಡಿ 750ರ ವಿಷಯ ಹೇಳಿದೆ. ನಂಬಲಿಲ್ಲ. ಮಗಳ ಕೈಯಲ್ಲಿ ಫೋನ್ ಕೊಟ್ಟೆ, ಅವಳು ತೀರ್ಪು ಓದಿ ಹೇಳಿದಳು. ಸೋಮವಾರ ಬರುತ್ತಾನಂತೆ. ಹೊಲಿಗೆಯ ಬಾಕಿ ಆಮೇಲೆ ಕೊಡಲಿ, ಕೋಟಿಗೆ ಇಸ್ತ್ರಿ ಹಾಕಿ ಇಟ್ಟಿದ್ದೇನೆ.

— ಒಬ್ಬ ಟೈಲರ್, ದಾವಣಗೆರೆ