ಸೋತವರೂ ಲೆಕ್ಕ ಕೊಡಬೇಕು, ಕನ್ನಡದಲ್ಲಿ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ 11ರಂದು ಕಾಸರಗೋಡು ಜಿಲ್ಲೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. 13ರಂದು ಎಣಿಕೆ ಮುಗಿದು, 21ರಂದು ಗೆದ್ದವರು ಪ್ರಮಾಣ ವಚನ ಸ್ವೀಕರಿಸಿದರು. ಈಗ ಎಲ್ಲರ ಬಾಯಲ್ಲೂ ಅಧ್ಯಕ್ಷ ಸ್ಥಾನ, ಸ್ಥಾಯಿ ಸಮಿತಿಗಳ ಮಾತೇ. ಆದರೆ ಚುನಾವಣಾ ಕಚೇರಿಯ ಕೆಲಸ ಇನ್ನೂ ಅರ್ಧ ಉಳಿದಿದೆ. ಗಡಿನಾಡಿನ ಕನ್ನಡ ಅಭ್ಯರ್ಥಿಗಳು, ಅದರಲ್ಲೂ ಸೋತವರು, ಎಡವುವುದು ಈ ಉಳಿದ ಅರ್ಧದಲ್ಲಿ, ಮುಖ್ಯವಾಗಿ ಚುನಾವಣಾ ಖರ್ಚಿನ ಲೆಕ್ಕ ಕೊಡುವಲ್ಲಿ.

ಮತದಾನದ ದಿನದವರೆಗೆ ನಮ್ಮ ಭಾಷೆಗೆ ಒಂದು ಜಾಗ ಇತ್ತು. ಗ್ರಾಮ ಪಂಚಾಯತಿನ ಮತಗಟ್ಟೆಯಲ್ಲಿ ಗ್ರಾಮ ಪಂಚಾಯತಿಗೆ ಬಿಳಿ, ಅದರ ಮೇಲಿನ ಹಂತದ ಬ್ಲಾಕ್ ಪಂಚಾಯತಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ನೀಲಿ ಲೇಬಲಿನ ಮೂರು ಬ್ಯಾಲೆಟ್ ಯೂನಿಟ್ ಸಾಲಾಗಿ ಇಟ್ಟಿದ್ದರು. ಕನ್ನಡಿಗರಿರುವ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಅಚ್ಚಾಗಿರುತ್ತದೆ. ಮತ ಹಾಕುವವನಿಗೆ ಕನ್ನಡ ಸಿಕ್ಕಿತು. ಅದೇ ಹೆಸರಿನ ಅಭ್ಯರ್ಥಿ ಎಣಿಕೆಯ ಮರುದಿನ ಕಚೇರಿಗೆ ಹೋದರೆ ಅವನ ಕೈಗೆ ಬರುವ ಫಾರಂ, ಸೂಚನೆ, ನೋಟಿಸು ಬಹುಪಾಲು ಮಲಯಾಳದಲ್ಲೇ ಇರುತ್ತವೆ.

ಎಣಿಕೆಯ ನಂತರ ಕಚೇರಿ ಮಾಡುವ ಕೆಲಸ ಹಲವು. ಯಂತ್ರಗಳಿಗೂ ದಾಖಲೆಗಳಿಗೂ ಮುದ್ರೆ ಹಾಕಿ ಕಾವಲಿನಲ್ಲಿ ಇಡಬೇಕು, ಏಕೆಂದರೆ ಫಲಿತಾಂಶ ಪ್ರಶ್ನಿಸುವವರಿಗೆ 30 ದಿನಗಳ ಅವಕಾಶವಿದೆ. ಗ್ರಾಮ ಪಂಚಾಯತಿನ ತಕರಾರು ಅರ್ಜಿ ಮುನ್ಸಿಫ್ ಕೋರ್ಟಿಗೆ, ಬ್ಲಾಕ್ ಮತ್ತು ಜಿಲ್ಲಾ ಪಂಚಾಯತಿನದ್ದು ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಒಟ್ಟು ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಪಡೆದವರಿಗೆ ಠೇವಣಿ ಹಿಂದಿರುಗಿಸಬೇಕು. ದಾರಿಬದಿಯ ಬೋರ್ಡು, ಬ್ಯಾನರುಗಳನ್ನು ಅಭ್ಯರ್ಥಿಗಳೇ ತೆಗೆಸಬೇಕು. ತೆಗೆಸದಿದ್ದರೆ ಪಂಚಾಯತ್ ಕಾರ್ಯದರ್ಶಿ ತೆಗೆಸಿ ಅವರಿಂದ ಖರ್ಚು ವಸೂಲು ಮಾಡುತ್ತಾರೆ.

ಗೆದ್ದವರು ಎಚ್ಚರ ವಹಿಸಬೇಕಾದ ಒಂದು ಕಾಗದವೂ ಇದೆ. ಸದಸ್ಯರು ತಾವು ಯಾವ ಪಕ್ಷಕ್ಕೆ ಸೇರಿದವರು, ಅಥವಾ ಸ್ವತಂತ್ರರೇ ಎಂದು ಬರೆದು ಸಹಿ ಹಾಕಿದ ಘೋಷಣೆಯನ್ನು ಕಾರ್ಯದರ್ಶಿ ರಿಜಿಸ್ಟರಿನಲ್ಲಿ ದಾಖಲಿಸಿಕೊಳ್ಳುತ್ತಾರೆ. ನಾಳೆ ಪಕ್ಷಾಂತರದ ದೂರು ಬಂದರೆ ಮೊದಲು ಬಿಚ್ಚಿ ನೋಡುವುದು ಅದನ್ನೇ. ಪಕ್ಷದ ಬೆಂಬಲದಿಂದ ಗೆದ್ದ ಸ್ವತಂತ್ರರು ಅದರಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳದೆ ಸಹಿ ಹಾಕಿದ್ದರೆ ಈಗಲಾದರೂ ಪ್ರತಿ ಕೇಳಿ ನೋಡಲಿ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಸಿಕ್ಕಿಸಿಹಾಕುವುದು ಖರ್ಚಿನ ಲೆಕ್ಕ. ಫಲಿತಾಂಶ ಪ್ರಕಟವಾದಂದಿನಿಂದ 30 ದಿನದೊಳಗೆ, ಎಂದರೆ ಈ ಬಾರಿ 2026 ಜನವರಿ 12ರೊಳಗೆ, ಕಣದಲ್ಲಿದ್ದ ಪ್ರತಿಯೊಬ್ಬರೂ ಎನ್-30 ಫಾರಂನಲ್ಲಿ ಲೆಕ್ಕ ಸಲ್ಲಿಸಬೇಕು. ಗ್ರಾಮ ಮತ್ತು ಬ್ಲಾಕ್ ಪಂಚಾಯತಿಗೆ ನಿಂತವರು ಬ್ಲಾಕ್ ಪಂಚಾಯತ್ ಕಾರ್ಯದರ್ಶಿಗೆ ಕೊಡಬೇಕು. ನಗರಸಭೆ ಮತ್ತು ಜಿಲ್ಲಾ ಪಂಚಾಯತಿಗೆ ನಿಂತವರ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಯಾದ ಕಲೆಕ್ಟರಿಗೆ ಹೋಗಬೇಕು. ರಾಜ್ಯ ಚುನಾವಣಾ ಆಯೋಗದ ವೆಬ್‌ಸೈಟಿನ ಮೂಲಕವೂ ಸಲ್ಲಿಸಬಹುದು. ಖರ್ಚಿನ ಮಿತಿ ಗ್ರಾಮ ಪಂಚಾಯತಿಗೆ 25,000 ರೂ., ಬ್ಲಾಕ್ ಮತ್ತು ನಗರಸಭೆಗೆ 75,000 ರೂ., ಜಿಲ್ಲಾ ಪಂಚಾಯತಿಗೆ 1,50,000 ರೂ.

ಮೊದಲ ತಪ್ಪು, ಲೆಕ್ಕ ಗೆದ್ದವರಿಗೆ ಮಾತ್ರ ಎಂಬ ಗ್ರಹಿಕೆ. 40 ಮತ ಬಿದ್ದವನೂ ಕೊಡಬೇಕು. ಡಮ್ಮಿಯಾಗಿ ನಾಮಪತ್ರ ಹಾಕಿ, ಹಿಂದೆಗೆಯಲು ಮರೆತು ಪಟ್ಟಿಯಲ್ಲಿ ಉಳಿದವನೂ ಕೊಡಬೇಕು. "ನಾನು ಒಂದು ಪೈಸೆ ಖರ್ಚು ಮಾಡಿಲ್ಲ, ಎಲ್ಲ ಪಕ್ಷದವರೇ ಮಾಡಿದ್ದು" ಎಂದು ಸುಮ್ಮನೆ ಕೂತರೆ ಕಾನೂನು ಒಪ್ಪುವುದಿಲ್ಲ. ಖರ್ಚು ಇಲ್ಲದಿದ್ದರೆ ಇಲ್ಲ ಎಂದೇ ಬರೆದು ಕೊಡಬೇಕು. ಅಭ್ಯರ್ಥಿ ಅಥವಾ ಅವನ ಏಜೆಂಟ್ ಒಪ್ಪಿಗೆ ಕೊಟ್ಟು ಮಾಡಿಸಿದ ಖರ್ಚು, ಹಣ ಯಾರ ಕಿಸೆಯದ್ದಾದರೂ, ಅವನ ಲೆಕ್ಕಕ್ಕೇ ಸೇರುತ್ತದೆ.

ಎರಡನೆಯದು ದಿನಾಂಕದ ತಪ್ಪು. ಚಿಹ್ನೆ ಸಿಕ್ಕಿದ ದಿನದಿಂದ ಮತದಾನದ ದಿನದವರೆಗೆ ಬರೆದು ಮುಗಿಸುವವರು ಬಹಳ. ಲೆಕ್ಕ ಶುರುವಾಗಬೇಕಾದದ್ದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯಬೇಕಾದದ್ದು ಫಲಿತಾಂಶ ಪ್ರಕಟವಾದ ದಿನಕ್ಕೆ. ಆ ಎರಡು ದಿನಗಳೂ ಸೇರಬೇಕು. ಎಣಿಕೆಯ ದಿನ ಏಜೆಂಟರನ್ನು ಕರೆದುಕೊಂಡು ಹೋದ ಜೀಪಿನ ಬಾಡಿಗೆ ಬಿಟ್ಟುಹೋಗುವುದು ಹೀಗೆ.

ಮೂರನೆಯದು ಸಾಲದ ಲೆಕ್ಕ, ಭಾಷೆಯ ತೊಡಕು ಕಣ್ಣಿಗೆ ಹೊಡೆಯುವುದು ಇಲ್ಲಿ. ಕರಪತ್ರದ ಬಿಲ್ಲು 6,000 ರೂ. ಆಗಿದೆ, ಪ್ರೆಸ್ಸಿಗೆ 4,000 ಕೊಟ್ಟಾಗಿದೆ, ಉಳಿದದ್ದು ಅಡಿಕೆ ಮಾರಿದ ಮೇಲೆ ಕೊಡುವುದು ಎಂದಿಟ್ಟುಕೊಳ್ಳಿ. ಲೆಕ್ಕದಲ್ಲಿ ಖರ್ಚು 6,000 ಎಂದೇ ಬರಬೇಕು. ಕೊಟ್ಟ 4,000ಕ್ಕೆ ವೋಚರ್ ಕ್ರಮಸಂಖ್ಯೆ, ಕೊಟ್ಟ ದಿನ ಮತ್ತು ಪಡೆದವರ ಹೆಸರು ವಿಳಾಸ ಬೇಕು. ಬಾಕಿ 2,000ಕ್ಕೆ ಬಿಲ್ಲಿನ ಕ್ರಮಸಂಖ್ಯೆಯೂ ಅದು ಸಲ್ಲಬೇಕಾದವರ ಹೆಸರು ವಿಳಾಸವೂ ಬೇಕು. ನಮ್ಮವರು 4,000 ಬರೆದು ಬಾಕಿಯನ್ನು ಬಿಟ್ಟುಬಿಡುತ್ತಾರೆ. ಮೋಸ ಮಾಡಬೇಕೆಂದು ಬಿಡುವುದಲ್ಲ, ಆ ಅಂಕಣ ಏತಕ್ಕೆಂದು ಗೊತ್ತಾಗದೆ. ಸಂತೆಯಲ್ಲಿ, ಬಸ್ಸಿನಲ್ಲಿ ಸರಾಗವಾಗಿ ಮಲಯಾಳ ಮಾತಾಡುವವರಿಗೂ ಕಚೇರಿಯ ಬರವಣಿಗೆಯ ಮಲಯಾಳ ಬೇರೆಯೇ ಭಾಷೆ. ಬಾಕಿಗೆ ಅಲ್ಲಿ 'ಕುಡಿಶ್ಶಿಕ' ಎನ್ನುತ್ತಾರೆ. ಬದಿಯಡ್ಕ, ಪೆರ್ಲ, ವರ್ಕಾಡಿಯ ಕನ್ನಡ ಶಾಲೆಯಲ್ಲಿ ಓದಿದ ಎಷ್ಟು ಮಂದಿ ಆ ಲಿಪಿಯಲ್ಲಿ ಆ ಪದವನ್ನು ಓದಿ ತಿಳಿಯಬಲ್ಲರು?

ಮೈಕ್ ಕಟ್ಟಿದ ಆಟೋ, ಚಹಾ ತಿಂಡಿ, ಪೋಸ್ಟರ್ ಅಂಟಿಸಿದವರ ಕೂಲಿ ಇವಕ್ಕೆ ಅಚ್ಚಾದ ಬಿಲ್ಲು ಸಿಗುವುದಿಲ್ಲ. ಅದಕ್ಕೆ ಹೆದರಿ ಬಿಡಬೇಕಾಗಿಲ್ಲ. ಬಿಳಿ ಹಾಳೆಯಲ್ಲಿ ಆಟೋದ ನಂಬರು, ಎಷ್ಟು ದಿನ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಎಂದು ಬರೆದು, ಹಣ ಪಡೆದವರ ಹೆಸರು, ವಿಳಾಸ, ಸಹಿ, ದಿನಾಂಕ ಹಾಕಿಸಿ ಕ್ರಮಸಂಖ್ಯೆ ಕೊಟ್ಟರೆ ಅದೇ ವೋಚರ್. ಪ್ರೆಸ್ಸಿನ ಬಿಲ್ಲಿನಲ್ಲಿ ಮಾತ್ರ ಜಾಗ್ರತೆ ಬೇಕು. ಪ್ರತಿ ಕರಪತ್ರದ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂಬ ನಿಯಮವಿದೆ, ಹಾಗಾಗಿ ಅದು ಯಾವ ಪ್ರೆಸ್ಸಿನದೆಂದು ಹುಡುಕುವುದು ಕಷ್ಟವಲ್ಲ. ಬಿಲ್ಲುಗಳ ಪ್ರತಿಯನ್ನು ಲೆಕ್ಕದ ಜೊತೆ ಕೊಟ್ಟು ಮೂಲವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು, ಕೇಳಿದಾಗ ತೋರಿಸಬೇಕು. ಹೆಸರನ್ನು ಅಭ್ಯರ್ಥಿಗಳ ಪಟ್ಟಿಯಲ್ಲಿ ಇದ್ದ ಹಾಗೆಯೇ ಬರೆಯಬೇಕು. ಪಟ್ಟಿಯಲ್ಲಿ ಪೂರ್ತಿ ಹೆಸರಿದ್ದು ಲೆಕ್ಕದಲ್ಲಿ ಬರೀ ಇನಿಶಿಯಲ್ ಇದ್ದರೆ ತಾಳೆ ನೋಡುವಾಗ ಗೊಂದಲವಾಗುತ್ತದೆ.

ಲೆಕ್ಕ ಕೊಡದಿದ್ದರೆ ಏನಾಗುತ್ತದೆ ಎಂಬುದು ಕೂಡಲೇ ಕಾಣುವುದಿಲ್ಲ, ಅದೇ ಇದರ ಅಪಾಯ. ಕೊಟ್ಟವರ ಮತ್ತು ಕೊಡದವರ ವಿವರ ಮೊದಲು ಆಯೋಗಕ್ಕೆ ಹೋಗುತ್ತದೆ. ಅಲ್ಲಿಂದ ಕಾರಣ ಕೇಳುವ ನೋಟಿಸು ಅಭ್ಯರ್ಥಿಯ ವಿಳಾಸಕ್ಕೆ ಬರುತ್ತದೆ. ಅಷ್ಟರಲ್ಲಿ ಆತ ಕೆಲಸಕ್ಕೆಂದು ಮಂಗಳೂರಿಗೋ ಗಲ್ಫಿಗೋ ಹೋಗಿರುತ್ತಾನೆ. ಮನೆಯಲ್ಲಿದ್ದ ವಯಸ್ಸಾದ ತಾಯಿಗೆ ಬಂದದ್ದು ಏನೆಂದು ಓದಲು ಬರುವುದಿಲ್ಲ, ಲಕೋಟೆ ಕಪಾಟು ಸೇರುತ್ತದೆ. ಉತ್ತರ ಬಾರದಿದ್ದರೆ ಐದು ವರ್ಷಗಳ ಅನರ್ಹತೆಯ ಆದೇಶ ಹೊರಡುತ್ತದೆ. ಈ ಐದು ವರ್ಷ ಎಣಿಸುವುದು ಚುನಾವಣೆಯ ದಿನದಿಂದ ಅಲ್ಲ, ಆದೇಶದ ದಿನದಿಂದ. ಆದೇಶ ಒಂದು ವರ್ಷ ತಡವಾಗಿ ಬಂದರೂ ಮುಂದಿನ ಚುನಾವಣೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. 2020ರ ಚುನಾವಣೆಯ ಲೆಕ್ಕ ಕೊಡದೆ ರಾಜ್ಯದಲ್ಲಿ ಸಾವಿರಾರು ಮಂದಿ ಹೀಗೆ ಅನರ್ಹರಾದರು. ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾದ ಕಾರಣ ಮೊದಲ ಬಾರಿ ನಿಲ್ಲುವ ಹೆಣ್ಣುಮಕ್ಕಳು ಬಹಳ. ಅವರ ಲೆಕ್ಕಪುಸ್ತಕ ಇನ್ಯಾರದೋ ಕೈಯಲ್ಲಿರುತ್ತದೆ, ಅನರ್ಹತೆ ಬರುವುದು ಮಾತ್ರ ಅವರ ಹೆಸರಿಗೆ.

ನಾವು ಕೇಳುತ್ತಿರುವುದು ಹೊಸ ಸೌಲಭ್ಯವಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಾವು ವಾಸಿಸುವ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. ಅಲ್ಲಿ ಸಲ್ಲುವ ಭಾಷೆ ಬ್ಲಾಕ್ ಕಚೇರಿಯ ಕೌಂಟರಿನಲ್ಲೂ ಸಲ್ಲಬೇಕು. ಮಂಜೇಶ್ವರ, ಕಾಸರಗೋಡು, ಕಾರಡ್ಕ ಬ್ಲಾಕ್ ಕಚೇರಿಗಳಲ್ಲಿ ಎನ್-30ರ ಕನ್ನಡ ಪ್ರತಿಯನ್ನೂ, ತುಂಬಿಸುವ ಕ್ರಮ ಹೇಳುವ ಒಂದು ಪುಟದ ಕನ್ನಡ ಸೂಚನೆಯನ್ನೂ ಇಡಲಿ. ಕೊನೆಯ ದಿನದವರೆಗೆ ಕನ್ನಡ ಬಲ್ಲ ಒಬ್ಬ ನೌಕರರನ್ನು ಬೆಳಗ್ಗಿನ ಹೊತ್ತಾದರೂ ಕೂರಿಸಲಿ. ಮುಂದೆ ಹೋಗುವ ಕಾರಣ ಕೇಳುವ ನೋಟಿಸು ಎರಡೂ ಭಾಷೆಯಲ್ಲಿ ಇರಲಿ. ಮತಯಂತ್ರದ ಲೇಬಲ್ ಎರಡು ಭಾಷೆಯಲ್ಲಿ ಅಚ್ಚು ಹಾಕಿಸಿದ ಆಡಳಿತಕ್ಕೆ ಇಷ್ಟು ಕಾಗದ ಹೊರೆಯಲ್ಲ. ಪಕ್ಷಗಳ ವಾರ್ಡ್ ಸಮಿತಿಗಳೂ ತಮ್ಮ ಸೋತ ಅಭ್ಯರ್ಥಿಗಳ ಮನೆಗೆ ಒಮ್ಮೆ ಹೋಗಿ ಬರಲಿ. ಮತ ಕೇಳಲು ಮೂರು ಸಲ ಹತ್ತಿದ ಗುಡ್ಡವನ್ನು ಇದಕ್ಕಾಗಿ ಇನ್ನೊಂದು ಸಲ ಹತ್ತಬಹುದು.

ಜನವರಿ 12 ಸೋಮವಾರ. ಅದರ ಹಿಂದಿನ 10 ಎರಡನೇ ಶನಿವಾರ, 11 ಭಾನುವಾರ, ಎರಡೂ ದಿನ ಕಚೇರಿ ಇಲ್ಲ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಒಂದು ಸಹಿ ಬಿಟ್ಟುಹೋದರೂ ಸರಿಪಡಿಸಲು ಸಮಯ ಸಿಗದು. 9ರ ಶುಕ್ರವಾರದೊಳಗೆ ಕೊಟ್ಟು, ಕಚೇರಿಯ ಮೊಹರೂ ದಿನಾಂಕವೂ ಇರುವ ಸ್ವೀಕೃತಿಯನ್ನು ಕೇಳಿ ಪಡೆದು, ಮೂಲ ಬಿಲ್ಲುಗಳ ಜೊತೆ ಇಟ್ಟುಕೊಳ್ಳಿ.

– ಕೆಲವು ನಿವೃತ್ತ ಪಂಚಾಯತ್ ನೌಕರರು, ಕಾಸರಗೋಡು ತಾಲೂಕು