ವಿಚಾರಣೆ ಜನರೆದುರು ನಡೆಯಲಿ

ಮಾನ್ಯರೇ,

ಹಣಕಾಸು ಸಚಿವರ ಹೊಣೆಗಾರಿಕೆಯ ಮಾತು ಬಂದಾಗ ಟಿ.ಟಿ. ಕೃಷ್ಣಮಾಚಾರಿಯವರನ್ನು ನೆನೆಯಬೇಕು. 1957ರ ಬಜೆಟ್ಟಿನಲ್ಲಿ ಸಂಪತ್ತು ತೆರಿಗೆ, ವೆಚ್ಚ ತೆರಿಗೆಗಳನ್ನು ತಂದ ಈ ಸಮರ್ಥ ಆಡಳಿತಗಾರ, ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಒಂದು ಕೋಟಿಗೂ ಹೆಚ್ಚು ರೂಪಾಯಿ ಸುರಿದ ಹಗರಣದಿಂದಾಗಿ 1958ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. 1963ರಲ್ಲಿ ಅದೇ ಖಾತೆಗೆ ಮರಳಿದರೂ 1965ರ ಕೊನೆಯಲ್ಲಿ ಮತ್ತೆ ಹೊರನಡೆದರು.

ಮುಂದ್ರಾ ಹಗರಣದ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಎತ್ತಿದವರು ಆಡಳಿತ ಪಕ್ಷದವರೇ ಆದ, ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ ಎಂಬುದು ಗಮನಾರ್ಹ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿ, ಸುಮಾರು ಒಂದೇ ತಿಂಗಳಲ್ಲಿ ವರದಿ ಕೊಟ್ಟು, ಹಣಕಾಸು ಕಾರ್ಯದರ್ಶಿಯ ಕೃತ್ಯಕ್ಕೂ ಸಚಿವರೇ ಹೊಣೆ ಎಂದರು. ಇಂದಿನ ಆಯೋಗಗಳಿಗೆ ಅವಧಿ ವಿಸ್ತರಣೆಯೇ ವಾಡಿಕೆಯಾಗಿರುವುದು ನನಗೆ ತೀವ್ರ ನೋವಿನ ಸಂಗತಿ.

ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಬಟವಾಡೆಯ ಹಣದಲ್ಲಿ ಉಳಿಸಿ ವಿಮೆಯ ಕಂತು ಕಟ್ಟಿ, ರಸೀದಿಯನ್ನು ರೇಷನ್ ಕಾರ್ಡಿನೊಂದಿಗೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುವ ಕಾರ್ಮಿಕರಿದ್ದಾರೆ. ಸಾರ್ವಜನಿಕ ಹಣ ದುರುಪಯೋಗವಾದಾಗ ವಿಚಾರಣೆ ಮುಕ್ತವಾಗಿ ನಡೆದು, ವರದಿ ನಿಗದಿತ ಅವಧಿಯೊಳಗೆ ಕನ್ನಡದಲ್ಲಿಯೂ ಪ್ರಕಟವಾಗುವಂತೆ ನಮ್ಮ ಜಿಲ್ಲೆಯ ಶಾಸಕರು ಸದನದಲ್ಲಿ ಒತ್ತಾಯಿಸಬೇಕೆಂದು ಕೋರುತ್ತೇನೆ.

– ಒಬ್ಬ ಪಾಲಿಸಿದಾರ, ಹಾಸನ