ಜಂಪ್ ಸ್ಟಾರ್ಟ್ ಮಾಡುವಾಗ ತಮ್ಮ ಸಿಬ್ಬಂದಿಯಿಂದ ಆದ ಅಪಾಯಕಾರಿ ತಪ್ಪಿನ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ರಸ್ತೆಬದಿ ನೆರವು ಸೇವೆ, ಬೆಂಗಳೂರು.

ವಿಷಯ: ಬ್ಯಾಟರಿಗೆ ಕೇಬಲ್ ತಿರುಗುಮುರುಗಾಗಿ ಜೋಡಿಸಿದ್ದರಿಂದ ಕಾರಿಗೆ ಆದ ಹಾನಿ.

ಮಾನ್ಯರೇ,

ನಾನು ತಮ್ಮ ಸಂಸ್ಥೆಯ ವಾರ್ಷಿಕ ಚಂದಾದಾರ. ಕಳೆದ ಡಿಸೆಂಬರ್‌ನಲ್ಲಿ ಸಕಲೇಶಪುರದ ಬಳಿ ತಂಗಿದ್ದಾಗ, ರಾತ್ರಿಯಿಡೀ ಪಾರ್ಕಿಂಗ್ ದೀಪ ಉರಿದು ಬ್ಯಾಟರಿ ಪೂರ್ತಿ ಇಳಿದು, ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ದೀಪ ಆರಿಸದೆ ಬಿಟ್ಟದ್ದು ನನ್ನ ತಪ್ಪು. ಅದರ ಬಗ್ಗೆ ನನ್ನ ತಕರಾರಿಲ್ಲ. ಕರೆ ಮಾಡಿದ ಎರಡೂವರೆ ಗಂಟೆಯ ಮೇಲೆ ತಮ್ಮ ಸಿಬ್ಬಂದಿ ಸಂಸ್ಥೆಯ ಜೀಪಿನಲ್ಲಿ ಬಂದರು. ತಡವಾದದ್ದನ್ನೂ ನಾನು ದೊಡ್ಡದು ಮಾಡುವುದಿಲ್ಲ, ಘಟ್ಟದ ಮಂಜು ನನಗೂ ಗೊತ್ತು.

ನನ್ನ ದೂರು ಅನಂತರ ನಡೆದದ್ದರ ಬಗ್ಗೆ. ಜೀಪಿನ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಕೇಬಲ್ ಜೋಡಿಸಿ ಕಾರು ಸ್ಟಾರ್ಟ್ ಮಾಡುವುದು, ಅಂದರೆ ಜಂಪ್ ಸ್ಟಾರ್ಟ್, ಅವರ ಕೆಲಸವಾಗಿತ್ತು. ಅವರು ತಂದ ಕೇಬಲ್‌ನ ಎರಡೂ ತುದಿಗಳ ಕ್ಲಿಪ್‌ಗಳಿಗೆ ಗ್ರೀಸ್ ಮೆತ್ತಿಕೊಂಡು ಕೆಂಪು ಯಾವುದು, ಕಪ್ಪು ಯಾವುದು ಎಂಬುದೇ ತಿಳಿಯುವಂತಿರಲಿಲ್ಲ. ನನ್ನ ಬ್ಯಾಟರಿಯ ಟರ್ಮಿನಲ್‌ಗಳ ಮೇಲೂ ನೀಲಿ-ಬಿಳಿ ಪುಡಿ ಕಟ್ಟಿ ಪ್ಲಸ್ ಗುರುತು ಮುಚ್ಚಿಹೋಗಿತ್ತು. ಒಮ್ಮೆ ಬಟ್ಟೆಯಿಂದ ಒರೆಸಿ ನೋಡಿ ಎಂದು ನಾನು ಹೇಳಿದರೂ, "ದಿನಾ ಇದೇ ಕೆಲಸ ಸಾರ್" ಎನ್ನುತ್ತಾ ಅವರು ಕ್ಲಿಪ್ ಕಚ್ಚಿಸಿದರು. ಕೊನೆಯ ಕ್ಲಿಪ್ ತಗುಲಿದ ಕ್ಷಣವೇ ಚಟಾರನೆ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಆಮೇಲೆ ನೋಡಿದರೆ ಕ್ಲಿಪ್‌ನ ಹಲ್ಲುಗಳ ಅಚ್ಚು ಸೀಸದ ಟರ್ಮಿನಲ್‌ನಲ್ಲಿ ಕರಗಿ ಇಳಿದಿತ್ತು. ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ಬಾಗಿ ನಿಂತಿದ್ದವರು ಎಪ್ಪತ್ತೊಂದು ವರ್ಷದ ನನ್ನ ತಂದೆಯವರು.

ಸೀಸ-ಆಮ್ಲದ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು. ಬ್ಯಾಟರಿ ಒಡೆದರೆ ಗಂಧಕಾಮ್ಲ ನೇರ ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದಲೇ ಕೆಂಪು ಕೇಬಲ್ಲನ್ನು ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಚಾರ್ಜ್ ಇರುವ ಬ್ಯಾಟರಿಯ ಪ್ಲಸ್‌ಗೆ, ಬಳಿಕ ಕಪ್ಪು ಕೇಬಲ್ಲನ್ನು ಚಾರ್ಜ್ ಇರುವ ಬ್ಯಾಟರಿಯ ಮೈನಸ್‌ಗೆ ಜೋಡಿಸಿ, ಕಟ್ಟಕಡೆಯ ತುದಿಯನ್ನು ಇಳಿದ ಬ್ಯಾಟರಿಯ ಮೈನಸ್‌ಗೆ ಹಾಕದೆ, ಅದರಿಂದ ದೂರದಲ್ಲಿರುವ ಇಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಕಚ್ಚಿಸಬೇಕು. ಕಿಡಿ ಹಾರಿದರೂ ಅದು ಬ್ಯಾಟರಿಯ ಹತ್ತಿರ ಹಾರಬಾರದು ಎಂಬುದೇ ಇದರ ಉದ್ದೇಶ. ತಮ್ಮ ಸಿಬ್ಬಂದಿ ಪ್ಲಸ್-ಮೈನಸ್ ಅದಲುಬದಲು ಮಾಡಿದ್ದಲ್ಲದೆ, ಕೊನೆಯ ಕ್ಲಿಪ್ಪನ್ನೂ ಬ್ಯಾಟರಿಗೇ ಹಾಕಿದರು. ಅವರ ಬಳಿ ಕನ್ನಡಕವಾಗಲಿ ಕೈಗವಸಾಗಲಿ ಇರಲಿಲ್ಲ. ಅಪಾಯ ಅವರಿಗೂ ಅಷ್ಟೇ ಇತ್ತು ಎಂಬುದು ನನ್ನನ್ನು ಇನ್ನಷ್ಟು ನೋಯಿಸುತ್ತದೆ.

ಹಾಸನದ ಸರ್ವಿಸ್ ಸೆಂಟರಿನವರು ಮುಖ್ಯ ಫ್ಯೂಸ್ ಮತ್ತು ಇಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್‌ಗಳು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಬಿಡಿಭಾಗಗಳು) ಸುಟ್ಟಿವೆ ಎಂದು ಲಿಖಿತವಾಗಿ ಕೊಟ್ಟಿದ್ದಾರೆ. ದುರಸ್ತಿಗೆ 14,650 ರೂಪಾಯಿ ಖರ್ಚಾಯಿತು. ತಮ್ಮ ಕಚೇರಿಯವರು ದೂರವಾಣಿಯಲ್ಲಿ "ಬ್ಯಾಟರಿ ಹಳೆಯದು, ಅದಕ್ಕೇ ಹೀಗಾಯಿತು" ಎಂದರು. ಹಳೆಯ ಬ್ಯಾಟರಿ ಚಾರ್ಜ್ ಹಿಡಿಯದಿರಬಹುದು. ಆದರೆ ಕ್ಲಿಪ್ ತಗುಲಿದ ಕ್ಷಣದಲ್ಲೇ ಫ್ಯೂಸನ್ನೂ ಡಯೋಡ್‌ಗಳನ್ನೂ ಸುಡುವುದು ತಿರುಗುಮುರುಗಾದ ಜೋಡಣೆಯೇ ಹೊರತು ಬ್ಯಾಟರಿಯ ವಯಸ್ಸಲ್ಲ.

ಆದ್ದರಿಂದ ದುರಸ್ತಿಯ ಪೂರ್ಣ ಮೊತ್ತವನ್ನು 15 ದಿನಗಳೊಳಗೆ ಮರಳಿಸಬೇಕೆಂದು ಕೋರುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಬಣ್ಣ ಸ್ಪಷ್ಟವಾಗಿರುವ ಕೇಬಲ್, ವೋಲ್ಟ್ ಮೀಟರ್ ಮತ್ತು ಕಣ್ಣಿನ ರಕ್ಷಣೆಯಿಲ್ಲದೆ, ಸರಿಯಾದ ತರಬೇತಿಯೂ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಕಳುಹಿಸುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು. ಆ ಯುವಕನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ, ಅವನಿಗೆ ಕೆಲಸ ಕಲಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಸೇವಾ ನ್ಯೂನತೆಯ ದೂರು ಸಲ್ಲಿಸುತ್ತೇನೆ.

ಸರ್ವಿಸ್ ಸೆಂಟರಿನ ವರದಿ, ಬಿಲ್ಲು ಮತ್ತು ಟರ್ಮಿನಲ್‌ನ ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)